ಕರುಳಿನ ಆಪರೇಷನ್‌ನಲ್ಲಿ ಅಪ್ಪನ 17 ಗಂಟು ತೆಗೆದಿದ್ದಾರೆ, ಅಷ್ಟೊಂದು ಬೇಕಿತ್ತಾ?

ಕ್ಯಾನ್ಸರ್ ದೊಡ್ಡ ಕರುಳಿನಿಂದ ಮೂತ್ರಕೋಶಕ್ಕೂ ಅಂಟಿತ್ತು, ಅದರ ಒಂದು ತುಂಡನ್ನೂ ಸೇರಿಸಿ ತೆಗೆದರು, ರಿಪೋರ್ಟ್‌ನಲ್ಲಿ ಲಿಂಫ್ ನೋಡ್ (ದುಗ್ಧಗ್ರಂಥಿ, ನೀವು ಗಂಟು ಅನ್ನುವುದು ಇದನ್ನೇ) '2/17' ಅಂತಿದೆ ಎಂದು ಬರೆದಿದ್ದೀರಿ. ಎರಡರಲ್ಲಿ ಮಾತ್ರ ಕ್ಯಾನ್ಸರ್ ಇದ್ದರೆ ಉಳಿದ 15 ಯಾಕೆ ತೆಗೆದರು ಅನ್ನುವುದು ನಿಮ್ಮ ಸಿಟ್ಟು.

ನಾನು ಡಾಕ್ಟರ್ ಅಲ್ಲ, ಮಂಗಳೂರಿನ ಒಂದು ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಆ 17ರ ಲೆಕ್ಕ ಹುಟ್ಟುವುದು ಆಪರೇಷನ್ ಥಿಯೇಟರಿನಲ್ಲಲ್ಲ, ನಮ್ಮ ಟೇಬಲ್ ಮೇಲೆ.

ಸರ್ಜನ್ ಗಂಟುಗಳನ್ನು ಒಂದೊಂದಾಗಿ ಹೆಕ್ಕುವುದಿಲ್ಲ. ಕರುಳಿಗೆ ರಕ್ತನಾಳ ಬರುವುದು ಬೀಸಣಿಗೆಯಂಥ ಒಂದು ಕೊಬ್ಬಿನ ಹಾಳೆಯೊಳಗಿಂದ. ನೋಡ್‌ಗಳು ಇರುವುದೂ ಆ ನಾಳದ ಉದ್ದಕ್ಕೇ. ಕ್ಯಾನ್ಸರ್ ಹೊರಟರೆ ಹೆಚ್ಚಾಗಿ ಹಿಡಿಯುವುದು ಅದೇ ದಾರಿ. ಹಾಗಾಗಿ ನಾಳವನ್ನು ಬುಡದ ಹತ್ತಿರ ಕಟ್ಟಿ, ಬೀಸಣಿಗೆ ಸಮೇತ ಒಂದೇ ತುಂಡಾಗಿ ತೆಗೆಯುತ್ತಾರೆ. ಯಾವುದರಲ್ಲಿ ಕ್ಯಾನ್ಸರ್ ಇದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಊದಿದ್ದು ಸುಮ್ನೆ ಊದಿರಬಹುದು, ಸಣ್ಣದರಲ್ಲೇ ಕ್ಯಾನ್ಸರ್ ಇರಬಹುದು. ಮೂತ್ರಕೋಶದ್ದೂ ಇದೇ ಕತೆ. ಬಿಡಿಸಲು ಹೋದರೆ ಗಡ್ಡೆ ಒಡೆದು ಸ್ವಲ್ಪ ಒಳಗೇ ಉಳಿಯಬಹುದು.

ಆ ಕೊಬ್ಬು ಕೆಡದಂತೆ ಇಡುವ ಫಾರ್ಮಲಿನ್ ದ್ರವದಲ್ಲಿ ನಮ್ಮಲ್ಲಿಗೆ ಬರುತ್ತದೆ. ತೆಳ್ಳಗೆ ಸೀಳಿ, ಬೆರಳಲ್ಲಿ ಒತ್ತಿ ಒತ್ತಿ ಹುಡುಕಬೇಕು. ನೀವು ಉಡುಪಿಯವರು, ಹೊಳೆಯ ಮರಳಲ್ಲಿ ಮರುವಾಯಿ (ಚಿಪ್ಪು) ತಡವಿ ಹೆಕ್ಕಿದ್ದರೆ ಇದು ಅರ್ಥವಾದೀತು. ಕೆಲವು ಹೆಸರುಕಾಳಿಗಿಂತ ಸಣ್ಣವು. ಕನಿಷ್ಠ 12 ಸಿಗಬೇಕು ಅನ್ನುವುದು ನಿಯಮ. ಒಮ್ಮೆ ನಮಗೆ 9 ಮಾತ್ರ ಸಿಕ್ಕಿತ್ತು. ನಮ್ಮ ಲ್ಯಾಬ್‌ನ ಡಾಕ್ಟರ್ ಮೇಡಂ ಮರುದಿನ ಅದೇ ಕೊಬ್ಬನ್ನು ಮತ್ತೆ ಹುಡುಕಿಸಿದರು, ಇನ್ನೂ 5 ಸಿಕ್ಕವು! ನಾಲ್ಕೈದನ್ನೇ ನೋಡಿ 'ಕ್ಯಾನ್ಸರ್ ಇಲ್ಲ' ಅಂದರೆ ನಂಬುವುದು ಹೇಗೆ, ಅಲ್ವಾ? ಗುದನಾಳಕ್ಕೆ ಮೊದಲೇ ರೇಡಿಯೇಷನ್ ಆಗಿದ್ದರೆ ಕಡಿಮೆ ಸಿಗುವುದುಂಟು, ಅದು ಬೇರೆ ಮಾತು.

ಒಂದು ನೋಡ್‌ನಲ್ಲಿ ಕ್ಯಾನ್ಸರ್ ಸಿಕ್ಕರೂ ಅದು ಕಡಿಮೆಯೆಂದರೆ 3ನೇ ಸ್ಟೇಜ್. ಕ್ಯಾನ್ಸರ್ ಇರುವ ನೋಡ್ 1ರಿಂದ 3 ಆದರೆ ರಿಪೋರ್ಟ್‌ನಲ್ಲಿ 'ಎನ್ 1' ಅಂತ, 4 ಅಥವಾ ಜಾಸ್ತಿ ಆದರೆ 'ಎನ್ 2' ಅಂತ ಬರೆಯುತ್ತಾರೆ. ಆಪರೇಷನ್ ಆದ ಮೇಲೂ ಕೀಮೋ ಅನ್ನುವುದು ಮುಖ್ಯವಾಗಿ ಇದನ್ನು ನೋಡಿ. 17 ಹುಡುಕದೆ ಇದ್ದಿದ್ದರೆ ಆ ಎರಡು ತಪ್ಪಿಹೋಗುತ್ತಿತ್ತೋ ಏನೋ.

ಸ್ತನದ ಆಪರೇಷನ್ ಆದವರಿಗೆ ಕೈ ಊದುವ ಹಾಗೆ ಅಪ್ಪನಿಗೆ ಕಾಲು ಊದುತ್ತದಾ ಅಂತಲೂ ಕೇಳಿದ್ದೀರಿ. ಇವು ಕರುಳಿನ ಪಕ್ಕದ ನೋಡ್‌ಗಳು, ಕಾಲಿನ ದಾರಿಯವಲ್ಲ. ಸಾಮಾನ್ಯವಾಗಿ ಹಾಗಾಗುವುದಿಲ್ಲ.

ನೀವು ಬರೆಯದ ಒಂದು ವಿಷಯ ಇದೆ. ರಿಪೋರ್ಟ್‌ನಲ್ಲಿ 'ಮಾರ್ಜಿನ್' ಅಂತ ಒಂದು ಸಾಲು ಇರುತ್ತದೆ. ಮೂತ್ರಕೋಶದ ಕಡೆಯ ಅಂಚಿನಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ಅಲ್ಲಿ ನೋಡಿ. ಮುಂದಿನ ಸಲ ಓಪಿಡಿಗೆ ಹೋದಾಗ 17ಕ್ಕಿಂತ ಮೊದಲು ಅದನ್ನು ಕೇಳಿ.