ಹಸಿವು ಅವರದು, ಕ್ಯೂ ಅವರದು, ಕಿರಿಕಿರಿ ನಿಮಗ್ಯಾಕೆ?

*ಪತ್ರ:* ಸಂಪಾದಕರೇ, ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸ ಮಾಡುತ್ತೇನೆ. ರಂಜಾನ್ ಬಂತೆಂದರೆ ನಮ್ಮ ಆಫೀಸಿನಲ್ಲಿ ಟೀ ಕಪ್ಪು ಬಚ್ಚಿಟ್ಟುಕೊಂಡು ಓಡಾಡಬೇಕು. ಇದೇ ಆಫೀಸಿನ ಇಬ್ಬರು 2022ರಲ್ಲಿ ರಾಣಿ ಎಲಿಜಬೆತ್ ತೀರಿಕೊಂಡಾಗ ರಜೆ ಹಾಕಿ ಲಂಡನ್ನಿಗೆ ಹೋಗಿ, ರಾತ್ರಿಯೆಲ್ಲ ಕ್ಯೂನಲ್ಲಿ ನಿಂತು ಬಂದರು. ನೋಡಿದ್ದು ಏನು? ಒಂದು ಪೆಟ್ಟಿಗೆ. ಅದೂ ಮುಚ್ಚಿದ್ದು. ಒಬ್ಬರು ನೀರು ಬಿಡುತ್ತಾರೆ, ಇನ್ನೊಬ್ಬರು ನಿದ್ದೆ ಬಿಡುತ್ತಾರೆ. ಓದಿದವರಿಗೆ ಇದೆಲ್ಲ ಬೇಕಾ? ನಿಮ್ಮ ಪತ್ರಿಕೆ ಎರಡನ್ನೂ ಹೊಗಳಿ ಬರೆದದ್ದು ನೋಡಿ ಬೇಸರವಾಯಿತು. — ಹೆಸರು ಬೇಡ ಎಂದ ಓದುಗರು, ಟೀಮ್ ಲೀಡ್

*ಸಂಪಾದಕರ ಉತ್ತರ:*

ಲೆಸ್ಟರ್ ಮಿತ್ರರೇ, ಪತ್ರಕ್ಕೆ ಥ್ಯಾಂಕ್ಸ್. ಈಗೀಗ ಬೈದು ಬರೆಯುವವರು ಕಡಿಮೆ. ಹೊಗಳುವವರು ಒಂದು ಸಾಲು ಬರೆದು ಸುಮ್ಮನಾಗುತ್ತಾರೆ, ಬೈಯುವವರು ಮಾತ್ರ ಪುಟ ತುಂಬಿಸುತ್ತಾರೆ. ನಿಮ್ಮ ಪುಟದಲ್ಲಿ ನಿಜವೂ ಇದೆ. ಅದನ್ನು ಮೊದಲು ಮುಗಿಸಿಬಿಡೋಣ.

2022ರ ಆ ಸೆಪ್ಟೆಂಬರ್‌ನಲ್ಲಿ ಈ ದೇಶಕ್ಕೆ ಸ್ವಲ್ಪ ತಲೆ ಕೆಟ್ಟಿದ್ದು ಹೌದು. ನಾರಿಚ್‌ನಲ್ಲಿ ಊರಿನ ಕೌನ್ಸಿಲ್‌ನವರಿಂದ ಸೈಕಲ್ ನಿಲ್ಲಿಸುವ ಸ್ಟ್ಯಾಂಡಿಗೆ 'ರಾಜಶೋಕದ ನಿಮಿತ್ತ ಬಂದ್' ಅಂತ ಬೋರ್ಡ್ ಬಿತ್ತು. ಹೂ ಇಡಲು ಜಾಗ ಬೇಕಿತ್ತಂತೆ. ಮಾರಿಸನ್ಸ್ ಸೂಪರ್‌ಮಾರ್ಕೆಟ್ ಬಿಲ್ಲಿಂಗ್ ಕೌಂಟರಿನ 'ಬೀಪ್' ಸದ್ದನ್ನು ತಗ್ಗಿಸಿತು. ಸೆಂಟರ್ ಪಾರ್ಕ್ಸ್ ರೆಸಾರ್ಟಿನವರು ಅಂತ್ಯಕ್ರಿಯೆಯ ದಿನ ಅತಿಥಿಗಳೆಲ್ಲ ಜಾಗ ಖಾಲಿ ಮಾಡಿ, ಮರುದಿನ ಬನ್ನಿ ಎಂದರು. ಜನ ಉಗಿದ ಮೇಲೆ ಮಾತು ಬದಲಿಸಿದರು. ಅಂದು ತುರ್ತಿಲ್ಲದ ಆಸ್ಪತ್ರೆ ಅಪಾಯಿಂಟ್‌ಮೆಂಟುಗಳು ಎಷ್ಟೋ ಮುಂದಕ್ಕೆ ಹೋದವು. ಇವೆಲ್ಲಕ್ಕಿಂತ ಕೆಟ್ಟದ್ದು ಆಕ್ಸ್‌ಫರ್ಡಿನಲ್ಲಿ ನಡೆಯಿತು. ಹೊಸ ರಾಜನ ಘೋಷಣೆ ಓದುವಾಗ 'ಇವರನ್ನು ಆರಿಸಿದ್ದು ಯಾರು?' ಎಂದು ಕೂಗಿದ ಒಬ್ಬರನ್ನು ಪೊಲೀಸರು ಹಿಡಿದುಕೊಂಡು ಹೋದರು. ಕೇಸು ಆಮೇಲೆ ಬಿದ್ದುಹೋಯಿತು. ಆದರೂ ಹಿಡಿದದ್ದು ಹಿಡಿದದ್ದೇ ಅಲ್ವಾ? ಇಷ್ಟು ನಿಮ್ಮ ಲೆಕ್ಕಕ್ಕೆ.

ಈಗ ನನ್ನ ಸರದಿ. ಮೇಲಿನ ಪಟ್ಟಿ ಇನ್ನೊಂದು ಸಲ ಓದಿ. ಒಂದು ಕೌನ್ಸಿಲ್, ಒಂದು ಅಂಗಡಿ, ಒಂದು ರೆಸಾರ್ಟು, ಪೊಲೀಸರು. ಇದರಲ್ಲಿ ರಾತ್ರಿಯೆಲ್ಲ ಕ್ಯೂನಲ್ಲಿ ನಿಂತವರು ಯಾರಿದ್ದಾರೆ? ನಿಂತವರು ಯಾರ ಸೈಕಲ್ಲನ್ನೂ ತಡೆಯಲಿಲ್ಲ. ತಾವು ನಿಂತರು, ತಮ್ಮ ಕಾಲು ನೋಯಿಸಿಕೊಂಡರು, ಮನೆಗೆ ಹೋದರು. ಹೀಗೆ ತಾವೇ ಕಷ್ಟಪಡುವವರನ್ನೂ, ಇನ್ನೊಬ್ಬರ ಶ್ರದ್ಧೆಯ ಹೆಸರಿನಲ್ಲಿ ಊರಿಗೆಲ್ಲ ಕಾನೂನು ಮಾಡುವವರನ್ನೂ ನೀವು ಒಂದೇ ಚೀಲಕ್ಕೆ ಹಾಕಿದ್ದೀರಿ. ನನ್ನ ತಕರಾರು ಇಷ್ಟೇ.

ಆ ಕ್ಯೂ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಸೆಪ್ಟೆಂಬರ್ 14ರ ಸಂಜೆಯಿಂದ 19ರ ಬೆಳಗ್ಗೆವರೆಗೆ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಅಂತಿಮ ದರ್ಶನ. ಬಂದವರು ಸುಮಾರು ಎರಡೂವರೆ ಲಕ್ಷ. ಸಾಲು ಥೇಮ್ಸ್ ದಂಡೆಯುದ್ದಕ್ಕೂ ಸಾಗಿ ಸದರ್ಕ್ ಪಾರ್ಕ್‌ವರೆಗೆ. ಒಂದು ಹಂತದಲ್ಲಿ 24 ಗಂಟೆ ಕಾಯಬೇಕಾದೀತು ಅಂತ ಸರ್ಕಾರವೇ ಎಚ್ಚರಿಸಿತು. ಕೈಗೆ ಬಣ್ಣದ ಪಟ್ಟಿ, ಅದರ ಮೇಲೆ ನಂಬರು. ಫುಟ್‌ಬಾಲ್ ತಾರೆ ಡೇವಿಡ್ ಬೆಕ್‌ಹ್ಯಾಮ್ ಕೂಡ ನಡುರಾತ್ರಿ ಬಂದು 12 ಗಂಟೆ ನಿಂತರು. ಸಂಸದರಿಗೆ ಮಾತ್ರ ಕ್ಯೂ ಇರಲಿಲ್ಲ, ನೆನಪಿರಲಿ. ಟಿವಿಯ ಇಬ್ಬರು ನಿರೂಪಕರು ಸಾಲು ತಪ್ಪಿಸಿ ಒಳಗೆ ಹೋದರೆಂದು ಊರೆಲ್ಲ ರೇಗಿತು. ನಾವು ವರದಿಗೆ ಹೋಗಿದ್ದೆವು ಎಂದು ಅವರು ಎಷ್ಟು ಹೇಳಿದರೂ ಜನ ಕೇಳಲಿಲ್ಲ. ಯಾಕೆ? ಕಾಲು ನೋಯದೆ ಸಿಕ್ಕ ದರ್ಶನ ದರ್ಶನವೇ ಅಲ್ಲ ಎಂಬ ಲೆಕ್ಕ ಜನರ ತಲೆಯಲ್ಲಿತ್ತು. ಈ ಲೆಕ್ಕ ಯಾರೂ ಅವರಿಗೆ ಕಲಿಸಿದ್ದಲ್ಲ.

ನಮ್ಮ ಪಕ್ಕದ ಮನೆಯಾಕೆ, ನಿವೃತ್ತ ನರ್ಸ್, ಮಡಚುವ ಸ್ಟೂಲು, ಫ್ಲಾಸ್ಕು, ಎರಡು ಜೊತೆ ಕಾಲುಚೀಲ ತೆಗೆದುಕೊಂಡು ಹೋಗಿದ್ದರು. ಸ್ಟೂಲಿನ ಮೇಲೆ ಕೂತದ್ದೇ ಕಡಿಮೆಯಂತೆ. ಕೂತು ಏಳುವಷ್ಟರಲ್ಲಿ ಸಾಲು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿತ್ತು. ಟಾಯ್ಲೆಟ್ಟಿಗೆ ಹೋದಾಗ ಮುಂದೆ ನಿಂತ ಅಪರಿಚಿತ ಹುಡುಗ ಇವರ ಚೀಲ ಹಿಡಿದುಕೊಂಡ, ಅವನು ಹೋದಾಗ ಇವರು. ತಪಾಸಣೆ ಗೇಟಿನ ಹತ್ತಿರ ತಿಂಡಿ, ನೀರು ಎಲ್ಲ ಬಿಡಬೇಕಾಯಿತು. ಒಳಗೆ ಶವಪೆಟ್ಟಿಗೆಯ ಮುಂದೆ ನಿಂತದ್ದು ಕೆಲವೇ ಸೆಕೆಂಡು. 'ಬೇಜಾರಾಗಲಿಲ್ವಾ?' ಎಂದೆ. ಆಕೆ ಹೇಳಿದರು: 'ನಾನು ಅಲ್ಲಿ ನೆನೆಸಿಕೊಂಡದ್ದು ರಾಣಿಯನ್ನಲ್ಲ, ನಮ್ಮಮ್ಮನನ್ನು. ಅವಳು 2020ರ ಏಪ್ರಿಲ್‌ನಲ್ಲಿ ಹೋದಳು. ಮುಖ ನೋಡಲೂ ಬಿಡಲಿಲ್ಲ.'

ಆ ವರ್ಷ ಇಲ್ಲಿ ಅಂತ್ಯಕ್ರಿಯೆ ಹೇಗೆ ನಡೆಯುತ್ತಿತ್ತು, ನೀವೂ ನೋಡಿದ್ದೀರಿ. ಬೆರಳೆಣಿಕೆಯ ಜನ, ದೂರದೂರ ಕುರ್ಚಿ, ತಬ್ಬಿಕೊಳ್ಳುವ ಹಾಗಿಲ್ಲ. 2021ರ ಏಪ್ರಿಲ್ 17ರಂದು ಗಂಡನ ಅಂತ್ಯಕ್ರಿಯೆಗೆ ರಾಣಿಯೂ 30 ಜನರ ಮಿತಿಯಲ್ಲೇ, ಕರಿ ಮಾಸ್ಕ್ ಹಾಕಿಕೊಂಡು, ಒಬ್ಬರೇ ಒಂದು ಮೂಲೆಯಲ್ಲಿ ಕೂತಿದ್ದರು. ಅಳುವುದನ್ನು ಮುಂದಕ್ಕೆ ಹಾಕಿದ್ದ ಎಷ್ಟೋ ಮನೆಗಳಿಗೆ ಹದಿನೇಳು ತಿಂಗಳ ಮೇಲೆ ಒಂದು ಜಾಗ ಸಿಕ್ಕಿತು. ನೀವು ಅದನ್ನು 'ಮುಚ್ಚಿದ ಪೆಟ್ಟಿಗೆ' ಎನ್ನುತ್ತೀರಿ. ಆಯಿತು, ಮುಚ್ಚಿದ ಪೆಟ್ಟಿಗೆಯೇ. ತೆರೆದಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತಾ?

ಇನ್ನು ಟೀ ಕಪ್ಪಿನ ವಿಷಯ. ಸ್ವಾಮಿ, ಬಚ್ಚಿಡಿ ಅಂತ ನಿಮಗೆ ಹೇಳಿದ್ದು ಯಾರು? ಪತ್ರದಲ್ಲಿ ಬರೆದಿಲ್ಲ. ರೋಜಾ (ರಂಜಾನ್ ಉಪವಾಸ) ಇಟ್ಟವರು ಹೇಳಿರಲಾರರು ಅಂತ ನನ್ನ ಗುಮಾನಿ.

ಬರ್ಮಿಂಗ್‌ಹ್ಯಾಮಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ಪಕ್ಕದ ಮೇಜಿನವನು ರೋಜಾ ಹಿಡಿಯುತ್ತಿದ್ದ. ಅದು 2016. ರಂಜಾನ್ ಜೂನ್‌ನಲ್ಲಿ ಬಿದ್ದಿತ್ತು. ಈ ದೇಶದಲ್ಲಿ ಜೂನ್ ಅಂದರೆ ನಸುಕಿನಿಂದ ಸೂರ್ಯ ಮುಳುಗುವವರೆಗೆ 18 ಗಂಟೆಗೂ ಮೇಲೆ. ರಾತ್ರಿ ಒಂಬತ್ತೂವರೆಗೆ ಉಪವಾಸ ಬಿಡುವ ಇಫ್ತಾರ್, ಆಮೇಲೆ ನಮಾಜು, ಮೂರು ಗಂಟೆಯೊಳಗೆ ನಸುಕಿಗೆ ಮುಂಚಿನ ಊಟ, ಸಹರಿ. ನಿದ್ದೆ ಎಲ್ಲಿಂದ ಬರಬೇಕು? ಆದರೂ ಅವನಿಗೆ ಹಸಿವಿಗಿಂತ ಜಾಸ್ತಿ ಸುಸ್ತಾಗುತ್ತಿದ್ದದ್ದು ನಮ್ಮಿಂದ. ಬಿಸ್ಕತ್ತು ಡಬ್ಬಿ ತೆಗೆದವರೆಲ್ಲ 'ಸಾರಿ' ಎನ್ನುವುದು. ದಿನಕ್ಕೊಬ್ಬರು 'ನೀರೂ ಇಲ್ವಾ?' ಎಂದು ಕಣ್ಣರಳಿಸುವುದು. ಅದಕ್ಕೆ ಉತ್ತರ ಸಿಕ್ಕಿದ ಕೂಡಲೇ 'ತೂಕ ಇಳಿಯುತ್ತಾ?' ಎನ್ನುವುದು. ಒಂದು ದಿನ ಅವನೇ ಎದ್ದು ಬಂದ. 'ಮಾರಾಯ, ನಿನ್ನ ಟೀ ನೀನು ಆರಾಮಾಗಿ ಕುಡಿ. ನೀನು ಕುಡಿಯದಿದ್ದರೆ ನನಗೇನೂ ಪುಣ್ಯ ಜಾಸ್ತಿ ಬರಲ್ಲ. ಮೂರು ಗಂಟೆಗೆ ಮೀಟಿಂಗ್ ಇಡಬೇಡಿ ಅಂತ ಬೇಕಾದರೆ ಬಾಸ್‌ಗೆ ಹೇಳು' ಎಂದ. ನೋಡಿ, ಅವನು ಕೇಳಿದ್ದು ಅದೊಂದೇ. ಅದನ್ನು ಯಾರೂ ಮಾಡಲಿಲ್ಲ. ಕಪ್ಪು ಬಚ್ಚಿಡುವ ನಾಟಕ ಮಾತ್ರ ತಿಂಗಳು ಪೂರ್ತಿ ನಡೆಯಿತು.

ಹೊರಗಿನವರಿಗೆ ಕಾಣುವಷ್ಟು ಬಿಗಿ ರೋಜಾದಲ್ಲಿ ಇಲ್ಲ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಕುರಾನಿನಲ್ಲೇ ಇದೆ. ಬಿಟ್ಟ ದಿನಗಳನ್ನು ಆಮೇಲೆ ತೀರಿಸಬಹುದು. ಅದೂ ಆಗದಷ್ಟು ವಯಸ್ಸಾದವರು, ಬಹುಕಾಲದ ರೋಗಿಗಳು ಬಡವರಿಗೆ ಊಟ ಕೊಟ್ಟರೆ ಸಾಕು. ಮಕ್ಕಳಿಗೆ, ಮುಟ್ಟಾದ ಹೆಂಗಸರಿಗೆ ರೋಜಾ ಇಲ್ಲ. ಮರೆತು ಏನಾದರೂ ತಿಂದುಬಿಟ್ಟರೆ ರೋಜಾ ಮುರಿದಂತೆಯೂ ಅಲ್ಲ, ನೆನಪಾದ ಕೂಡಲೇ ನಿಲ್ಲಿಸಿ ಮುಂದುವರಿಸಬಹುದು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ರಂಜಾನ್ ವರ್ಷ ವರ್ಷ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತದೆ. ಜೂನ್‌ನ ಸಂಕಟ ತಿಂದವರಿಗೆ ಮುಂದೆ ಡಿಸೆಂಬರ್‌ನ ಸಣ್ಣ ಹಗಲೂ ಸಿಗುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ಬರಲಿದೆ. ನಿಮ್ಮ ಕಪ್ಪಿಗೆ ಈಗಲೇ ಜಾಗ ನೋಡಿಕೊಳ್ಳಿ.

ತಮಾಷೆ ಸಾಕು. ನಿಮ್ಮ ಲೆಸ್ಟರ್ ಇದನ್ನು ಎಷ್ಟು ಚೆನ್ನಾಗಿ ನಿಭಾಯಿಸಿತು ಅನ್ನುವುದು ನಿಮಗೇ ಮರೆತಂತಿದೆ. 2021ರ ಏಪ್ರಿಲ್‌ನಲ್ಲಿ ಲೆಸ್ಟರ್ ಸಿಟಿಗೂ ಕ್ರಿಸ್ಟಲ್ ಪ್ಯಾಲೇಸ್‌ಗೂ ಫುಟ್‌ಬಾಲ್ ಪಂದ್ಯ. ಆಟ ಅರ್ಧ ಗಂಟೆ ದಾಟುವ ಹೊತ್ತಿಗೆ ಸೂರ್ಯ ಮುಳುಗಿತು. ಪ್ಯಾಲೇಸ್‌ನ ಗೋಲ್‌ಕೀಪರ್ ಗೋಲ್ ಕಿಕ್ ಒದೆಯದೆ ಸುಮ್ನೆ ಕಾದ. ಲೆಸ್ಟರ್‌ನ ವೆಸ್ಲಿ ಫೊಫಾನ, ಪ್ಯಾಲೇಸ್‌ನ ಶೇಖ್ ಕುಯಾಟೆ ಗೆರೆಯ ಹತ್ತಿರ ಹೋಗಿ ನೀರು ಕುಡಿದು ಬಂದರು. ಕೋಟ್ಯಂತರ ಪೌಂಡಿನ ಆಟಕ್ಕೆ ಏನೂ ಆಗಲಿಲ್ಲ. ಅದೇ ಫ್ರಾನ್ಸ್‌ನಲ್ಲಿ 2023ರಲ್ಲಿ ಫುಟ್‌ಬಾಲ್ ಸಂಘ ರೋಜಾ ಬಿಡಲು ಆಟ ನಿಲ್ಲಿಸುವ ಹಾಗಿಲ್ಲ ಎಂದು ರೆಫ್ರಿಗಳಿಗೆ ತಾಕೀತು ಮಾಡಿತು. ಸಮಾನತೆ ಅನ್ನುವ ದೊಡ್ಡ ಮಾತು ಅದಕ್ಕೆ. ಗಾಯವಾದರೆ, ಬಿಸಿಲು ಜಾಸ್ತಿಯಾದರೆ ಆಟ ನಿಲ್ಲುತ್ತದೆ. ಒಂದು ಗುಟುಕು ನೀರಿಗೆ ಮಾತ್ರ ಸಿದ್ಧಾಂತ ಅಡ್ಡ ಬರುತ್ತದೆ.

ಒತ್ತಾಯದ ಬಗ್ಗೆ ನೀವು ಕೇಳಬಹುದು, ಕೇಳಲೇಬೇಕು. ಥಾಯ್ಲೆಂಡಿನಲ್ಲಿ 2016ರ ಅಕ್ಟೋಬರ್ 13ರಂದು ರಾಜ ಭೂಮಿಬೋಲ್ ತೀರಿಕೊಂಡಾಗ ಸರ್ಕಾರಿ ನೌಕರರಿಗೆ ಒಂದು ವರ್ಷ ಕಪ್ಪು ಬಟ್ಟೆ. ಅಂಗಡಿಗಳಲ್ಲಿ ಕಪ್ಪು ಬಟ್ಟೆ ಮುಗಿದುಹೋಗಿ ಜನ ಬೀದಿಯಲ್ಲಿ ದೊಡ್ಡ ಪಾತ್ರೆಗಳಲ್ಲಿ ಬಣ್ಣ ಕುದಿಸಿ ಹಳೇ ಅಂಗಿ ಅದ್ದಿಕೊಂಡರು. ಕಪ್ಪು ಹಾಕದವರನ್ನು ದಾರಿಯಲ್ಲಿ ನಿಲ್ಲಿಸಿ ಬೈದವರೂ ಇದ್ದರು. ಎಲ್ಲರಿಗೂ ಕೊಳ್ಳುವ ಶಕ್ತಿ ಇರುವುದಿಲ್ಲ, ಕಪ್ಪು ರಿಬ್ಬನ್ ಸಾಕು ಎಂದು ಸರ್ಕಾರವೇ ಹೇಳಬೇಕಾಯಿತು. ದುಬೈನಲ್ಲಿ ರಂಜಾನ್ ಹಗಲಲ್ಲಿ ಹೋಟೆಲಿನವರು ಪರದೆ ಕಟ್ಟಬೇಕಿತ್ತು, 2021ರಲ್ಲಿ ಆ ನಿಯಮ ತೆಗೆದರು. ಅಂಥ ಕಡೆಯಿಂದ ನೀವು ಈ ಪತ್ರ ಬರೆದಿದ್ದರೆ ನಾನೇ ಮೊದಲ ಪುಟದಲ್ಲಿ ಹಾಕುತ್ತಿದ್ದೆ. ಲೆಸ್ಟರ್‌ನ ಆಫೀಸಿನಲ್ಲಿ ಕೂತು, ಯಾರೂ ತಡೆಯದ ಟೀ ಕುಡಿಯುತ್ತಾ, ಅಷ್ಟೇ ಸಿಟ್ಟು ಮಾಡಿಕೊಳ್ಳುವುದು ಸ್ವಲ್ಪ ಅಗ್ಗದ ಧೈರ್ಯ ಅನಿಸುವುದಿಲ್ವಾ?

'ಇವೆಲ್ಲ ಹುಟ್ಟಿಸಿದ ಸಂಪ್ರದಾಯ' ಎನ್ನುವವರೂ ಇದ್ದಾರೆ. ಹೌದು, ಹುಟ್ಟಿಸಿದ್ದೇ. ರಾಣಿಯ ಪೆಟ್ಟಿಗೆ ಇಟ್ಟ ಗಾಡಿಯನ್ನು 142 ನಾವಿಕರು ಹಗ್ಗ ಹಿಡಿದು ಎಳೆದರಲ್ಲ, ಅದು ಶುರುವಾದದ್ದು 1901ರಲ್ಲಿ. ವಿಕ್ಟೋರಿಯಾ ರಾಣಿಯ ಅಂತ್ಯಯಾತ್ರೆಯ ದಿನ ವಿಂಡ್ಸರ್ ಸ್ಟೇಷನ್ ಹತ್ತಿರ ಚಳಿಯಲ್ಲಿ ಕಾದು ಬೇಸತ್ತ ಕುದುರೆಗಳು ಕೆರಳಿದವು, ಸರಂಜಾಮು ಕಿತ್ತುಹೋಯಿತು. ಪಕ್ಕದಲ್ಲಿದ್ದ ನಾವಿಕರು ಕೈ ಹಚ್ಚಿದರು. ಅವತ್ತಿನ ಎಡವಟ್ಟು ಇವತ್ತಿನ ಗಾಂಭೀರ್ಯ. ಅರಮನೆಯ ಜೇನು ಸಾಕುವ ಮುದುಕ ಒಂದೊಂದೇ ಗೂಡಿನ ಹತ್ತಿರ ಹೋಗಿ, ಮೆಲ್ಲಗೆ ತಟ್ಟಿ, 'ಯಜಮಾನಿ ಹೋದರು, ನೀವು ಹೋಗಬೇಡಿ' ಎಂದು ಹೇಳಿ ಕಪ್ಪು ರಿಬ್ಬನ್ ಕಟ್ಟಿದನಂತೆ. ಪತ್ರಿಕೆಯಲ್ಲಿ ಓದಿ ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ. ಆ ಹತ್ತು ದಿನದಲ್ಲಿ ಸದ್ದುಗದ್ದಲವಿಲ್ಲದೆ ನಡೆದ ಕೆಲಸ ಬಹುಶಃ ಅದೊಂದೇ.

ಹೊಸದು ಸೇರುತ್ತಲೂ ಇದೆ. 2025ರ ಮಾರ್ಚ್ 2ರಂದು ವಿಂಡ್ಸರ್ ಅರಮನೆಯಲ್ಲಿ, ರಾಜಮನೆತನದ ಔತಣಗಳು ನಡೆಯುವ ಸೇಂಟ್ ಜಾರ್ಜ್ಸ್ ಹಾಲ್‌ನಲ್ಲಿ, 350ಕ್ಕೂ ಹೆಚ್ಚು ಜನ ನೆಲದ ಮೇಲೆ ಕೂತು ಇಫ್ತಾರ್ ಮಾಡಿದರು. ಅಲ್ಲಿ ಅದೇ ಮೊದಲು. ಅದಕ್ಕೂ ಗೊಣಗಿದವರಿದ್ದರು. ಕ್ಯೂನಲ್ಲಿ ನಿಂತವರನ್ನು ಮೆಚ್ಚಿ ಇಫ್ತಾರ್‌ಗೆ ಮುಖ ಸಿಂಡರಿಸುವವರಿಗಿಂತ, ಎರಡನ್ನೂ ಬೈಯುವ ನೀವೇ ವಾಸಿ. ಇದು ಹೊಗಳಿಕೆ ಅಂತಲೇ ತಿಳಿಯಿರಿ.

ನನ್ನ ನಿಜವಾದ ಸಿಟ್ಟು ಬೇರೆ ಕಡೆ ಇದೆ. ದೇಶಕ್ಕೆ ದೇಶವೇ ಹತ್ತು ದಿನ ಶೋಕ ಮಾಡಿದ ಆ ಸೆಪ್ಟೆಂಬರ್‌ನಲ್ಲಿ, ಇಲ್ಲಿ ಸ್ವಂತ ಅಮ್ಮ ಸತ್ತರೆ ಸಂಬಳದ ರಜೆ ಕೊಡಲೇಬೇಕು ಅನ್ನುವ ಕಾನೂನು ಇರಲಿಲ್ಲ. ಮಗು ತೀರಿಕೊಂಡವರಿಗೆ 2020ರಲ್ಲಿ ಎರಡು ವಾರದ ರಜೆ ಬಂತು. ಉಳಿದವರಿಗೆ ಕಂಪನಿಯ ದೊಡ್ಡ ಮನಸ್ಸೇ ಗತಿ. ವೆಬ್‌ಸೈಟಿಗೆ ಕಪ್ಪು ಪಟ್ಟಿ ಅಂಟಿಸಿದ ಕಂಪನಿಗಳೇ ಉಪವಾಸದ ತಿಂಗಳು ಬಂದರೆ ಹಸಿರು ಚಂದ್ರ ಅಂಟಿಸಿ 'ರಂಜಾನ್ ಮುಬಾರಕ್' ಎನ್ನುತ್ತವೆ. ಚಿತ್ರ ಅಂಟಿಸಲು ಖರ್ಚಿಲ್ಲ. ಶಿಫ್ಟ್ ಬದಲಿಸಬೇಕು, ರಜೆ ಕೊಡಬೇಕು ಅಂದರೆ ಎಚ್‌ಆರ್ ಪಾಲಿಸಿ ನೋಡಬೇಕಾಗುತ್ತದೆ.

ನೀವು ಟೀಮ್ ಲೀಡ್ ಅಂತ ಸಹಿಯ ಕೆಳಗೆ ಬರೆದುಕೊಂಡಿದ್ದೀರಿ. ಹಾಗಾದರೆ ಕೆಲಸ ಸುಲಭ. ಮುಂದಿನ ರಂಜಾನಿಗೆ ನಿಮ್ಮ ಮಧ್ಯಾಹ್ನದ ಮೀಟಿಂಗನ್ನು ಬೆಳಗ್ಗೆ ಹತ್ತಕ್ಕೆ ಹಾಕಿ, ಟೀ ಎದುರಿಗೇ ಇಟ್ಟುಕೊಂಡು ಮಾತಾಡಿ. ಮ್ಯಾನೇಜರ್ ಒಪ್ಪದಿದ್ದರೆ ಅವರು ಹೇಳಿದ ಕಾರಣವನ್ನು ನನಗೆ ಬರೆದು ಕಳಿಸಿ. ಆ ಪತ್ರವನ್ನು ಒಂದು ಸಾಲೂ ಕತ್ತರಿಸದೆ ಹಾಕುತ್ತೇನೆ.