ಸ್ಕೌಟ್ಸ್ ಮತ್ತು ಗೈಡ್ಸ್ ಸರ್ಕಾರದ್ದಾ, ಖಾಸಗಿಯಾ? ಅದನ್ನು ನಡೆಸುವವರು ಯಾರು?

ನಿಮ್ಮ ಮಗಳು ಆರನೇ ತರಗತಿ. ಶಾಲೆಯಲ್ಲಿ ಗೈಡ್ಸ್‌ಗೆ ಸೇರಿಸಿ ಅಂತ ಚೀಟಿ ಕಳಿಸಿದ್ದಾರೆ, ಜೊತೆಗೆ ಶುಲ್ಕವನ್ನೂ ಕೇಳಿದ್ದಾರೆ. ಇದು ಸರ್ಕಾರದ ಇಲಾಖೆಯಾ, ಖಾಸಗಿ ಸಂಸ್ಥೆಯಾ, ಇಷ್ಟೊಂದು ಜನ ‘ಆಯುಕ್ತರು’ ಯಾಕೆ, ಏನಾದರೂ ಕೇಳಬೇಕಾದರೆ ಯಾರನ್ನು ಹಿಡಿಯಬೇಕು ಅನ್ನುವುದು ನಿಮ್ಮ ಪ್ರಶ್ನೆ. ನಾನು ಒಂದು ಸರ್ಕಾರಿ ಪ್ರೌಢಶಾಲೆಯ ಟೀಚರ್. ಹದಿನಾಲ್ಕು ವರ್ಷದಿಂದ ಗೈಡ್ ಕ್ಯಾಪ್ಟನ್, ಅಂದರೆ ಶಾಲೆಯ ಗೈಡ್ ದಳ ನಡೆಸುವ ಕೆಲಸವನ್ನೂ ನೋಡಿಕೊಳ್ಳುತ್ತಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಆಯುಕ್ತರ ವಿಷಯ ಮುಗಿಸೋಣ. ಒಮ್ಮೆ ನಮ್ಮ ಶಾಲೆಯ ಕಾರ್ಯಕ್ರಮಕ್ಕೆ ‘ಜಿಲ್ಲಾ ಮುಖ್ಯ ಆಯುಕ್ತರು ಬರುತ್ತಾರೆ’ ಅಂತ ಮನೆಯಲ್ಲಿ ಹೇಳಿದೆ. ನಮ್ಮತ್ತೆ ಗಾಬರಿಯಾಗಿ, ‘ಶಾಲೇಲಿ ಏನಾದ್ರೂ ಕಳುವಾಯ್ತಾ?’ ಅಂದರು. ಪೊಲೀಸ್ ಕಮಿಷನರ್ ಬರುತ್ತಾರೆ ಅಂದುಕೊಂಡಿದ್ದರು ಪಾಪ. ಬಂದವರು ನಿವೃತ್ತ ಮೇಷ್ಟ್ರು, ಕತ್ತಿಗೆ ಸ್ಕಾರ್ಫು, ಸ್ವಂತ ಸ್ಕೂಟರಿನಲ್ಲಿ. ಇಲ್ಲಿ ಆಯುಕ್ತ ಅನ್ನುವುದು ಸಂಸ್ಥೆಯೊಳಗಿನ ಹುದ್ದೆ, ಸರ್ಕಾರದ್ದಲ್ಲ. ಬಹುಪಾಲು ಆಯುಕ್ತರಿಗೆ ಸಂಬಳವೂ ಇಲ್ಲ.

ಹಾಗಾದರೆ ಸಂಸ್ಥೆ ಯಾರದ್ದು? ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಒಂದು ಸೊಸೈಟಿ. ಇಲಾಖೆ ಅಲ್ಲ, ಲಾಭದ ಕಂಪನಿಯೂ ಅಲ್ಲ. ಆದರೆ ಸರ್ಕಾರದ ಜೊತೆ ನಂಟು ಗಟ್ಟಿ. ರಾಷ್ಟ್ರಪತಿಗಳು ಇದರ ಮಹಾಪೋಷಕರು. ಕೇಂದ್ರ ಸರ್ಕಾರದಿಂದಲೂ ರಾಜ್ಯ ಸರ್ಕಾರದಿಂದಲೂ ಅನುದಾನ ಬರುತ್ತದೆ. ನಮ್ಮಂಥ ಶಿಕ್ಷಕರು ಶಾಲೆಯ ಸಂಬಳ ತಗೊಂಡು ಇದರ ಕೆಲಸ ಮಾಡುತ್ತೇವೆ. ಎಷ್ಟೋ ಕಡೆ ಬಿಇಒ, ಡಿಡಿಪಿಐಗಳಂಥ ಶಿಕ್ಷಣ ಇಲಾಖೆಯ ಅಧಿಕಾರಿಗಳೇ ಇದರ ಸಮಿತಿಗಳಲ್ಲಿ ಕೂತಿರುತ್ತಾರೆ. ಅದಕ್ಕೇ ಜನರಿಗೆ ಇದು ಶಿಕ್ಷಣ ಇಲಾಖೆಯದ್ದೇ ಒಂದು ಶಾಖೆ ಅನ್ನಿಸುವುದು.

ಹುದ್ದೆಗಳು ಯಾಕೆ ಇಷ್ಟು ಅಂದರೆ, ಅದಕ್ಕೆ ಹಳೇ ಕಥೆ ಇದೆ. ಸ್ಕೌಟಿಂಗ್ ಭಾರತಕ್ಕೆ ಬಂದಿದ್ದು 1909ರಲ್ಲಿ, ಅದೂ ನಮ್ಮ ಬೆಂಗಳೂರಿಗೆ. ಕ್ಯಾಪ್ಟನ್ ಬೇಕರ್ ಅನ್ನುವವರು ಇಲ್ಲಿ ಮೊದಲ ದಳ ಕಟ್ಟಿದರು. ಆದರೆ ಅದು ಬ್ರಿಟಿಷರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೆ ಬಾಗಿಲು ಹಾಕಿತ್ತು. ಬಾಗಿಲು ಹಾಕಿದ ಮೇಲೆ ಜನ ಸುಮ್ನೆ ಇರುತ್ತಾರಾ? 1916ರಲ್ಲಿ ಆನಿ ಬೆಸೆಂಟ್ ಮದ್ರಾಸಿನಲ್ಲಿ ಭಾರತೀಯ ಮಕ್ಕಳಿಗಾಗಿಯೇ ಬೇರೆ ಸಂಘ ಕಟ್ಟಿದರು. ಉತ್ತರದಲ್ಲಿ ಶ್ರೀರಾಮ ಬಾಜಪೇಯಿ, ಹೃದಯನಾಥ ಕುಂಜ್ರು ಅವರಂಥವರು ತಮ್ಮದೇ ದಾರಿ ಮಾಡಿಕೊಂಡರು. ಹೀಗೆ ಸ್ವಾತಂತ್ರ್ಯ ಬರುವ ಹೊತ್ತಿಗೆ ದೇಶದಲ್ಲಿ ಒಂದಕ್ಕಿಂತ ಹೆಚ್ಚು ಸ್ಕೌಟ್ ಸಂಘಗಳಿದ್ದವು. ನೆಹರೂ, ಮೌಲಾನಾ ಆಜಾದ್ ಇವರೆಲ್ಲ ಕೂತು ಮಾತಾಡಿಸಿ ಒಂದು ಮಾಡಿದ್ದು 1950ರ ನವೆಂಬರ್ 7ರಂದು. ಹುಡುಗಿಯರ ಗರ್ಲ್ ಗೈಡ್ಸ್ ಸಂಘ ಆಗಲೂ ಬೇರೆಯೇ ಇತ್ತು. ಅದು ಸೇರಿದ್ದು 1951ರ ಆಗಸ್ಟ್ 15ಕ್ಕೆ.

ಈ ಕೊನೆಯ ಸೇರ್ಪಡೆಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಎರಡು ಮನೆ ಒಂದಾದರೂ ಎರಡು ಒಲೆ ಉಳಿದುಕೊಂಡವು. ಹುಡುಗರ ವಿಭಾಗ ವಿಶ್ವ ಸ್ಕೌಟ್ ಸಂಸ್ಥೆಗೆ ಸೇರಿದೆ. ಹುಡುಗಿಯರದ್ದು ವಿಶ್ವ ಗೈಡ್ ಸಂಸ್ಥೆಗೆ. ಹಾಗಾಗಿ ಪ್ರತಿ ಮೆಟ್ಟಿಲಿನಲ್ಲೂ ಹುದ್ದೆ ಜೋಡಿ ಜೋಡಿ: ಜಿಲ್ಲಾ ಆಯುಕ್ತರು ಸ್ಕೌಟ್‌ಗೊಬ್ಬರು, ಗೈಡ್‌ಗೊಬ್ಬರು. ಸಂಘಟನಾ ಆಯುಕ್ತರು, ತರಬೇತಿ ಆಯುಕ್ತರು, ಅವರಲ್ಲೂ ಹಾಗೇ. ನಿಯಮದ ಪುಸ್ತಕಕ್ಕೆ ನಾವು ಎಪಿಆರ್‌ಓ ಅನ್ನುತ್ತೇವೆ. ಅದರಲ್ಲೂ ಸ್ಕೌಟ್ ವಿಭಾಗಕ್ಕೊಂದು ಭಾಗ, ಗೈಡ್ ವಿಭಾಗಕ್ಕೊಂದು ಭಾಗ. ಆಹ್ವಾನ ಪತ್ರಿಕೆಯಲ್ಲಿ ಹೆಸರುಗಳು ಹಿಂಬದಿಗೂ ಇಳಿಯುವುದು ಈ ಕಾರಣಕ್ಕೆ.

ಮೆಟ್ಟಿಲು ಹೇಳಿಬಿಡುತ್ತೇನೆ. ಮೇಲಿಂದ ಬಂದರೆ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ ಕಚೇರಿ. ಅದರ ಹೆಸರು ಲಕ್ಷ್ಮಿ ಮಜುಂದಾರ್ ಭವನ, ಬಹಳ ವರ್ಷ ರಾಷ್ಟ್ರೀಯ ಆಯುಕ್ತೆಯಾಗಿದ್ದವರ ನೆನಪಿಗೆ. ಅಲ್ಲಿ ರಾಷ್ಟ್ರೀಯ ಪರಿಷತ್ತು, ಕಾರ್ಯಕಾರಿ ಸಮಿತಿ, ರಾಷ್ಟ್ರೀಯ ಮುಖ್ಯ ಆಯುಕ್ತರು. ತರಬೇತಿಗೆ ಮಧ್ಯಪ್ರದೇಶದ ಪಚ್‌ಮಡಿಯಲ್ಲಿ ದೊಡ್ಡ ಕೇಂದ್ರ ಇದೆ. ಅದರ ಕೆಳಗೆ ರಾಜ್ಯ ಸಂಸ್ಥೆ. ನಮ್ಮದು ಬೆಂಗಳೂರಿನ ಅರಮನೆ ರಸ್ತೆಯ ಶಾಂತಿಗೃಹದಲ್ಲಿದೆ. ಕೆಳಗೆ ಜಿಲ್ಲಾ ಸಂಸ್ಥೆ, ಅದರ ಕೆಳಗೆ ತಾಲ್ಲೂಕು ಮಟ್ಟದಲ್ಲಿ ಸ್ಥಳೀಯ ಸಂಸ್ಥೆ, ಕೊನೆಗೆ ಶಾಲೆಯ ಗ್ರೂಪು.

ಇಲ್ಲೊಂದು ತಮಾಷೆ ಇದೆ. ಇವರ ಲೆಕ್ಕದಲ್ಲಿ ‘ರಾಜ್ಯ’ ಅಂದರೆ ನಕ್ಷೆಯಲ್ಲಿರುವ ರಾಜ್ಯಗಳಷ್ಟೇ ಅಲ್ಲ. ರೈಲ್ವೆಯ ಒಂದೊಂದು ವಲಯವೂ ಒಂದೊಂದು ರಾಜ್ಯ. ಕೇಂದ್ರೀಯ ವಿದ್ಯಾಲಯಗಳದ್ದು ಇನ್ನೊಂದು, ನವೋದಯದ್ದು ಮತ್ತೊಂದು. ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಗ್ರೂಪಿಗೆ ಸೇರಿದ ಹುಡುಗಿ ನೈರುತ್ಯ ರೈಲ್ವೆ ರಾಜ್ಯದವಳು. ರಸ್ತೆಯ ಆಚೆ ಬದಿಯ ಸರ್ಕಾರಿ ಶಾಲೆಯ ಹುಡುಗಿ ಕರ್ನಾಟಕ ರಾಜ್ಯದವಳು. ಇಬ್ಬರೂ ಒಂದೇ ಸಂತೆಗೆ ಹೋಗುವವರು! ನಿಮ್ಮ ಮಗಳ ಶಾಲೆ ಕೇಂದ್ರೀಯ ವಿದ್ಯಾಲಯ ಆಗಿದ್ದರೆ ಶಾಂತಿಗೃಹಕ್ಕೆ ಫೋನು ಮಾಡಿ ಪ್ರಯೋಜನವಿಲ್ಲ, ಅವರ ದಾರಿಯೇ ಬೇರೆ.

ಇಷ್ಟೆಲ್ಲ ಮೆಟ್ಟಿಲಲ್ಲಿ ಸಂಬಳಕ್ಕೆ ಕೆಲಸ ಮಾಡುವವರು ಕಡಿಮೆ. ಸಂಘಟನಾ ಆಯುಕ್ತರು, ಕಚೇರಿ ಸಿಬ್ಬಂದಿ, ಹೀಗೆ ಕೆಲವರು. ಉಳಿದವರು ಗೌರವ ಹುದ್ದೆಯವರು. ಒಳ್ಳೆಯವರು ಸಿಕ್ಕರೆ ಜಿಲ್ಲೆ ಕುಣಿಯುತ್ತದೆ. ಸ್ಕಾರ್ಫು ಫೋಟೋಕ್ಕೆ ಮಾತ್ರ ಹಾಕಿಕೊಳ್ಳುವವರು ಸಿಕ್ಕರೆ ವರ್ಷಕ್ಕೊಂದು ಧ್ವಜಾರೋಹಣಕ್ಕೇ ನಿಲ್ಲುತ್ತದೆ. ಎರಡನ್ನೂ ನೋಡಿದ್ದೇನೆ.

ಇನ್ನು ನನ್ನ ಜಾಗಕ್ಕೆ ಬರೋಣ. ಗ್ರೂಪಿನಲ್ಲಿ ವಯಸ್ಸಿಗೆ ತಕ್ಕಂತೆ ವಿಭಾಗಗಳು. ಅಂಗನವಾಡಿ ವಯಸ್ಸಿನ ಪುಟಾಣಿಗಳು ‘ಬನ್ನಿ’, ಹತ್ತರೊಳಗಿನ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಹತ್ತು ದಾಟಿದರೆ ಸ್ಕೌಟ್, ಗೈಡ್. ಕಾಲೇಜಿನವರು ರೋವರ್, ರೇಂಜರ್, 25 ವರ್ಷದವರೆಗೆ. ನಿಮ್ಮ ಮಗಳು ಗೈಡ್ ಆಗುತ್ತಾಳೆ. ಒಂದು ಗೈಡ್ ದಳದಲ್ಲಿ ಹೆಚ್ಚೆಂದರೆ 32 ಮಕ್ಕಳು. ಅವರನ್ನು ಆರರಿಂದ ಎಂಟು ಮಂದಿಯ ಪೆಟ್ರೋಲ್‌ಗಳಾಗಿ ಮಾಡುತ್ತೇವೆ. ಗಾಡಿಗೆ ಹಾಕುವ ಪೆಟ್ರೋಲ್ ಅಲ್ಲ, ಪ್ರತಿ ವರ್ಷ ಹೊಸ ಮಕ್ಕಳು ಇದನ್ನು ಕೇಳಿ ನಗುತ್ತಾರೆ. ಗೈಡ್‌ಗಳ ಪೆಟ್ರೋಲ್‌ಗೆ ಹೂವಿನ ಹೆಸರು. ನಮ್ಮಲ್ಲಿ ಮಲ್ಲಿಗೆ, ಗುಲಾಬಿ, ತಾವರೆ, ಸೇವಂತಿಗೆ ಇವೆ. ಒಂದೊಂದಕ್ಕೂ ಒಬ್ಬಳು ಲೀಡರ್, ಅವಳಿಗೊಬ್ಬಳು ಜೊತೆಗಾತಿ.

ನನ್ನನ್ನು ಕೇಳಿದರೆ ಇಡೀ ಸಂಸ್ಥೆಯ ಆಡಳಿತದಲ್ಲಿ ಸರಿಯಾಗಿ ನಡೆಯುವ ಭಾಗ ಅಂದರೆ ಈ ಎಂಟು ಮಂದಿಯ ಗುಂಪು. ಇದರ ಮೇಲೆ ‘ಕೋರ್ಟ್ ಆಫ್ ಆನರ್’ ಅಂತ ಒಂದು ಸಭೆ ಇರುತ್ತದೆ. ಪೆಟ್ರೋಲ್ ಲೀಡರ್‌ಗಳು ಕೂತು ದಳದ ಕಾರ್ಯಕ್ರಮ, ಖರ್ಚು, ಜಗಳ ಎಲ್ಲ ತೀರ್ಮಾನ ಮಾಡಬೇಕು. ಕ್ಯಾಪ್ಟನ್ ಸಲಹೆ ಕೊಡಬಹುದು ಅಷ್ಟೆ.

ಒಂದು ಸಭೆ ಹೇಳುತ್ತೇನೆ. ಖರಿ ಕಮಾಯಿ ಅಂತ ನಮ್ಮಲ್ಲೊಂದು ಪದ್ಧತಿ, ಮಕ್ಕಳು ಪುಟ್ಟ ಕೆಲಸ ಮಾಡಿ ದಳಕ್ಕೆ ದುಡ್ಡು ಗಳಿಸುವುದು. ಆ ವರ್ಷ ರಂಗೋಲಿ ಪುಡಿಗೆ ಬಣ್ಣ ಬೆರೆಸಿ ಪೊಟ್ಟಣ ಕಟ್ಟಿ ಸಂತೆಯಲ್ಲಿ ಮಾರಿದರು. ಮಲ್ಲಿಗೆಯವರ ಲೆಕ್ಕದಲ್ಲಿ 90 ರೂಪಾಯಿ ಕಡಿಮೆ ಬಂತು. ಲೆಕ್ಕ ಇಟ್ಟಿದ್ದವಳು ಎಂಟನೇ ತರಗತಿ ಹುಡುಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ವಾಪಸು ಬರುವಾಗ ಮಳೆ ಹಿಡಿಯಿತು, ಅಂಗಡಿ ಮುಂದೆ ನಿಂತೆವು, ಎಲ್ಲರಿಗೂ ಬೋಂಡಾ ಕೊಡಿಸಿದೆ ಅಂದಳು. ಅವಳ ಕೈಯಿಂದ ಲೆಕ್ಕದ ಪುಸ್ತಕ ತೆಗೆದು ಬೇರೆಯವರಿಗೆ ಕೊಡೋಣ ಅಂತ ನನ್ನ ಮನಸ್ಸಿನಲ್ಲಿತ್ತು. ಬಾಯಿ ತೆರೆಯುವ ಮೊದಲೇ ತಾವರೆಯ ಲೀಡರ್ ಕೇಳಿದಳು: ‘ಬೋಂಡಾ ತಿಂದಿದ್ದು ಎಷ್ಟು ಜನ?’ ಎಂಟು ಜನ. ‘ಒಂದಕ್ಕೆ ಎಷ್ಟು?’ ಹತ್ತು ರೂಪಾಯಿ. ‘ಮತ್ತೆ ಎಂಬತ್ತು ಆಯ್ತಲ್ಲ, ಇನ್ನೊಂದು ಹತ್ತು ಎಲ್ಲಿ ಹೋಯ್ತು?’ ಎಲ್ಲರೂ ಸುಮ್ಮನಾದರು. ಆಮೇಲೆ ಆ ಹುಡುಗಿ ತಲೆ ತಗ್ಗಿಸಿಕೊಂಡೇ ಅಂದಳು, ‘ಮಿಸ್, ನೀವೂ ಒಂದು ತಿಂದಿದ್ರಿ.’

ಹೌದು, ತಿಂದಿದ್ದೆ. ಯಾರ ದುಡ್ಡು ಅಂತ ಕೇಳಿರಲಿಲ್ಲ. ತಿಂದವರೆಲ್ಲ ತಲಾ ಹತ್ತು ರೂಪಾಯಿ ಕಟ್ಟಬೇಕು, ಲೆಕ್ಕದ ಪುಸ್ತಕ ಅವಳ ಹತ್ತಿರವೇ ಇರಲಿ, ಮುಂದೆ ತಿಂಡಿಗೆ ಅಂತ ಮೊದಲೇ ದುಡ್ಡು ತೆಗೆದಿಡೋಣ ಅಂತ ತೀರ್ಮಾನವಾಯಿತು. ನಾನು ಹತ್ತು ರೂಪಾಯಿ ಕೊಟ್ಟು ನಡಾವಳಿಗೆ ಸಹಿ ಹಾಕಿದೆ.

ಈಗ ಸೋಪಾನಗಳ ವಿಷಯ, ಯಾಕೆಂದರೆ ದುಡ್ಡಿಗೂ ದಾಖಲೆಗೂ ಇದೇ ಕೊಂಡಿ. ಸೇರಿದ ಮೇಲೆ ಪ್ರವೇಶ, ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ನಂತರ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಅಡುಗೆ, ನಕ್ಷೆ ನೋಡುವುದು, ಸೇವೆ, ಇದನ್ನೆಲ್ಲ ಕಲಿತು ಪರೀಕ್ಷೆ ಕೊಡಬೇಕು. ಒಂದು ಸೋಪಾನಕ್ಕೂ ಇನ್ನೊಂದಕ್ಕೂ ತಿಂಗಳುಗಟ್ಟಲೆ ಅಂತರ ಬೇಕು, ಅವಸರ ಮಾಡುವ ಹಾಗಿಲ್ಲ. ಕೆಳಗಿನ ಪರೀಕ್ಷೆಗಳು ದಳ, ಜಿಲ್ಲೆಯ ಮಟ್ಟದಲ್ಲಿ ಮುಗಿಯುತ್ತವೆ. ರಾಜ್ಯ ಪುರಸ್ಕಾರ ರಾಜ್ಯ ಸಂಸ್ಥೆಯದ್ದು, ರಾಷ್ಟ್ರಪತಿ ಪುರಸ್ಕಾರ ರಾಷ್ಟ್ರೀಯ ಕಚೇರಿಯದ್ದು. ಮೇಲಿನ ಪ್ರಮಾಣಪತ್ರಗಳಿಗೆ ಬೆಲೆ ಇದೆ. ರೈಲ್ವೆಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾದಲ್ಲಿ ನೇಮಕ ಮಾಡುತ್ತಾರೆ. ನಮ್ಮ ರಾಜ್ಯದ ವೃತ್ತಿ ಶಿಕ್ಷಣ ಪ್ರವೇಶದಲ್ಲೂ ವಿಶೇಷ ವರ್ಗ ಇದೆ. ಅದಕ್ಕೇ ಅಂತ ಸೇರಿಸಬೇಡಿ, ಆದರೆ ಗೊತ್ತಿರಲಿ.

ಇದಕ್ಕೆಲ್ಲ ಗ್ರೂಪಿನ ನೋಂದಣಿ ಪ್ರತಿ ವರ್ಷ ನವೀಕರಣ ಆಗಿರಬೇಕು. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಚುನಾವಣೆ ಕೆಲಸ, ಮೌಲ್ಯಮಾಪನ, ಮನೆಯಲ್ಲಿ ಮಾವನವರಿಗೆ ಹುಷಾರಿಲ್ಲ. ನವೀಕರಣದ ಫಾರಂ ನನ್ನ ಡ್ರಾಯರಿನಲ್ಲೇ ಉಳಿಯಿತು. ಜಿಲ್ಲಾ ಸಂಸ್ಥೆಯವರು ಎರಡು ಸಲ ನೆನಪಿಸಿದ್ದರು, ತಪ್ಪು ಅವರದ್ದಲ್ಲ. ಮುಂದಿನ ವರ್ಷ ರಾಜ್ಯ ಪುರಸ್ಕಾರಕ್ಕೆ ಅರ್ಜಿ ಹಾಕಲು ಹೋದಾಗ ಒಂದು ವರ್ಷ ಖಾಲಿ. ಒಂಬತ್ತರಲ್ಲಿದ್ದ ಇಬ್ಬರಿಗೆ ಇನ್ನೂ ಸಮಯವಿತ್ತು. ಹತ್ತರಲ್ಲಿದ್ದವಳಿಗೆ ಇರಲಿಲ್ಲ. ಬೀಳ್ಕೊಡುಗೆ ದಿನದವರೆಗೂ ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಈಗ ಆ ಫಾರಂ ಜೂನ್‌ನಲ್ಲೇ ಮೇಜಿನ ಮೇಲೆ ಇರುತ್ತದೆ.

ಸಂಸ್ಥೆಯ ದೊಡ್ಡ ದೌರ್ಬಲ್ಯವೂ ಇಲ್ಲೇ ಇದೆ. ಮೇಲೆ ನಾಲ್ಕು ಮೆಟ್ಟಿಲಿದ್ದರೂ ಕೆಳಗೆ ಎಲ್ಲವೂ ಒಬ್ಬ ಟೀಚರ್ ಮೇಲೆ ನಿಂತಿದೆ. ಆ ಟೀಚರಿಗೆ ವರ್ಗಾವಣೆ ಆದರೆ ಸ್ಕಾರ್ಫುಗಳು ಬೀರು ಸೇರುತ್ತವೆ. ಬೇರೆಯವರು ಸುಮ್ನೆ ವಹಿಸಿಕೊಳ್ಳುವ ಹಾಗಿಲ್ಲ, ತರಬೇತಿ ಬೇಕು. ಮೊದಲು ಬೇಸಿಕ್, ಆಮೇಲೆ ಅಡ್ವಾನ್ಸ್ಡ್, ನಂತರ ಹಿಮಾಲಯ ವುಡ್ ಬ್ಯಾಡ್ಜ್. ಅದು ಮುಗಿದರೆ ಕತ್ತಿಗೆ ಚರ್ಮದ ದಾರದಲ್ಲಿ ಎರಡು ಮರದ ಮಣಿ. ನಮ್ಮ ರಾಜ್ಯದವರು ಹೆಚ್ಚಾಗಿ ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್‌ಗೆ ಹೋಗುತ್ತೇವೆ, ಹರಿಹರದ ಹತ್ತಿರ ಕೊಂಡಜ್ಜಿಯಲ್ಲೂ ಕೇಂದ್ರ ಇದೆ. ನಾನು ಬೇಸಿಕ್‌ಗೆ ಹೋದಾಗ ನಲವತ್ತು ದಾಟಿದ ಟೀಚರುಗಳೆಲ್ಲ ಬೆಳಿಗ್ಗೆ ಐದಕ್ಕೆದ್ದು ವ್ಯಾಯಾಮ ಮಾಡಿ, ಒದ್ದೆ ಸೌದೆ ಊದಿ ಊದಿ ಉಪ್ಪಿಟ್ಟು ಮಾಡಿದ್ದು ನೆನಪಿದೆ. ಹೊಗೆಗೆ ಕಣ್ಣು ಕೆಂಪಾಗಿತ್ತು, ಉಪ್ಪು ಹಾಕಲು ಮರೆತಿದ್ದೆವು. ಮಕ್ಕಳಿಗೆ ಕಲಿಸುವುದನ್ನು ಮೊದಲು ನಾವು ಮಾಡಬೇಕು, ಅದೇ ಆ ತರಬೇತಿಯ ಕ್ರಮ.

ಜಾಂಬೂರಿ ಅಂತ ಕೇಳಿರುತ್ತೀರಿ, ಸ್ಕೌಟ್ಸ್ ಗೈಡ್ಸ್ ಮಕ್ಕಳೆಲ್ಲ ಒಟ್ಟು ಸೇರುವ ದೊಡ್ಡ ಶಿಬಿರ. ರಾಷ್ಟ್ರೀಯ ಜಾಂಬೂರಿ 2016ರ ಡಿಸೆಂಬರ್ ಕೊನೆಗೆ ಮೈಸೂರಿನ ಹತ್ತಿರ ಅಡಕನಹಳ್ಳಿಯಲ್ಲಿ ಆಯಿತು, 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಸಾಂಸ್ಕೃತಿಕ ಜಾಂಬೂರಿ. ಟಿವಿಯಲ್ಲಿ ಕಾಣುವುದು ಇವೇ. ಚೆನ್ನಾಗಿರುತ್ತದೆ, ಆದರೆ ಅದು ಜಾತ್ರೆ. ವಾರಕ್ಕೊಂದು ದಿನ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ನಡೆಯುವ ಒಂದು ಗಂಟೆ ಇಲ್ಲದಿದ್ದರೆ ಜಾತ್ರೆಗೆ ಹೋಗಿ ಬಂದು ಏನೂ ಉಳಿಯುವುದಿಲ್ಲ.

ನಿಮ್ಮ ಶುಲ್ಕದ ಬಗ್ಗೆ. ಸದಸ್ಯತ್ವದ ಶುಲ್ಕ ಅಂತ ಇರುವುದು ಸಣ್ಣ ಮೊತ್ತ, ಅದರಲ್ಲಿ ಮೇಲಿನ ಹಂತಗಳಿಗೂ ಪಾಲು ಹೋಗುತ್ತದೆ. ಜಾಸ್ತಿ ಆಗುವುದು ಸಮವಸ್ತ್ರಕ್ಕೆ, ಶಿಬಿರಕ್ಕೆ. ಶಾಲೆಯವರು ಒಟ್ಟಿಗೆ ಒಂದು ಮೊತ್ತ ಹೇಳಿದ್ದರೆ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಕೇಳಿ, ರಸೀದಿ ತಗೊಳ್ಳಿ. ಇನ್ನೊಂದು ಮಾತು, ‘ಹಿಂದೂಸ್ಥಾನ್ ಸ್ಕೌಟ್ಸ್ ಅಂಡ್ ಗೈಡ್ಸ್’ ಅಂತ ಬೇರೆಯೇ ಸಂಸ್ಥೆ ಇದೆ. ಹೆಸರು ಹತ್ತಿರ ಹತ್ತಿರ ಇದ್ದರೂ ಪ್ರಮಾಣಪತ್ರ ಒಂದೇ ಅಲ್ಲ. ನಾನು ಮೇಲೆ ಹೇಳಿದ್ದೆಲ್ಲ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಬಗ್ಗೆ. ಶಾಲೆ ಯಾವುದರಲ್ಲಿ ನೋಂದಾಯಿಸಿದೆ ಅಂತ ನೋಡಿಕೊಳ್ಳಿ.

ಯಾರನ್ನು ಕೇಳಬೇಕು ಅಂದಿರಲ್ಲ, ಮೊದಲು ಶಾಲೆಯ ಗೈಡ್ ಕ್ಯಾಪ್ಟನ್ ಅವರನ್ನೇ ಕೇಳಿ. ‘ಮೇಡಂ, ನಿಮ್ಮ ಬೇಸಿಕ್ ಯಾವಾಗ ಆಯ್ತು, ಈ ವರ್ಷದ ನೋಂದಣಿ ಆಗಿದೆಯಾ, ದಳ ಯಾವ ದಿನ ಸೇರುತ್ತದೆ?’ ಈ ಮೂರಕ್ಕೆ ತಡವರಿಸದೆ ಉತ್ತರ ಬಂದರೆ ಧೈರ್ಯವಾಗಿ ಸೇರಿಸಿ. ಉತ್ತರ ಬರದಿದ್ದರೆ ಜಿಲ್ಲಾ ಸಂಸ್ಥೆಯ ಗೈಡ್ ವಿಭಾಗದ ಸಂಘಟನಾ ಆಯುಕ್ತರಿಗೆ ಫೋನು ಮಾಡಿ. ಮುಖ್ಯ ಆಯುಕ್ತರವರೆಗೆ ಹೋಗಬೇಕಾಗಿಲ್ಲ, ಅವರೂ ತಿರುಗಿ ಇವರಿಗೇ ಫೋನು ಮಾಡುವುದು.