ಅತಿಥಿ ಉಪನ್ಯಾಸಕರಿಗೆ ಮೊದಲು ಟೈಮ್ ಟೇಬಲ್, ಆಮೇಲೆ ಸಲಹೆ

ಪ್ರಶ್ನೆ: ನಾನು ಮಂಡ್ಯದ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ವಿಭಾಗದ ಮುಖ್ಯಸ್ಥೆ. ಈ ವರ್ಷ ಮೂವರು ಹೊಸ ಅತಿಥಿ ಉಪನ್ಯಾಸಕರು ಬಂದಿದ್ದಾರೆ. ಇಬ್ಬರು ದಿನವೂ ಮೈಸೂರಿನಿಂದ ರೈಲಲ್ಲಿ ಬರುತ್ತಾರೆ, ಪಾಠ ಮುಗಿದ ಕೂಡಲೇ ಹೊರಟುಬಿಡುತ್ತಾರೆ. ಮಾರ್ಗದರ್ಶನ ಮಾಡೋಣ ಅಂದ್ರೆ ಕೈಗೇ ಸಿಗುವುದಿಲ್ಲ. ಏನು ಮಾಡಲಿ?

ಉತ್ತರ: ಅವರ ಟೈಮ್ ಟೇಬಲ್ ಒಮ್ಮೆ ತೆಗೆದು ನೋಡಿ. ಕಾಯಂ ಅಧ್ಯಾಪಕರು ಬೇಡ ಎಂದ ಪೀರಿಯಡ್‌ಗಳೇ ಅದರಲ್ಲಿ ಜಾಸ್ತಿ ಇರುತ್ತವೆ, ಅಲ್ವಾ? ಬೆಳಗ್ಗೆ ಒಂದು, ಮಧ್ಯಾಹ್ನ ಮೂರಕ್ಕೆ ಇನ್ನೊಂದು. 2022ರಲ್ಲಿ ಸರ್ಕಾರ ಗೌರವಧನವನ್ನು ಏರಿಸಿ, ಅರ್ಹತೆ, ಅನುಭವ ನೋಡಿ ತಿಂಗಳಿಗೆ 26 ಸಾವಿರದಿಂದ 32 ಸಾವಿರದವರೆಗೆ ನಿಗದಿ ಮಾಡಿ, ವಾರಕ್ಕೆ 15 ಗಂಟೆ ಪಾಠ ಎಂದಿತು. ಆ 15 ಗಂಟೆಯನ್ನು ಆರು ದಿನಕ್ಕೆ ಚೆಲ್ಲಿದರೆ ಮೈಸೂರಿನಿಂದ ಬರುವವರ ವಾರವೆಲ್ಲ ರೈಲಲ್ಲೇ ಕಳೆಯುತ್ತದೆ. ನಾಲ್ಕು ದಿನಕ್ಕೆ ಒಟ್ಟು ಮಾಡಲು ಪ್ರಿನ್ಸಿಪಾಲರನ್ನು ಕೇಳಿ. ಆ ನಾಲ್ಕರಲ್ಲಿ ಒಂದು ದಿನ ವಿಭಾಗದವರೆಲ್ಲ ಬಿಡುವಾಗಿರುವ ಒಂದು ಗಂಟೆ ಇಟ್ಟುಕೊಳ್ಳಿ. ಮಾತು ಆಗ ತಾನಾಗಿ ಶುರುವಾಗುತ್ತದೆ.

ಆ ಗಂಟೆಯಲ್ಲಿ ಬೋಧನಾ ವಿಧಾನದ ಭಾಷಣ ಬೇಡ. ಸಿಲಬಸ್ ಮುಂದಿಟ್ಟುಕೊಳ್ಳಿ. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಸಿಲಬಸ್ಸೂ ಬದಲಾಯಿತು. ಹಳೆ ನೋಟ್ಸ್ ಎಷ್ಟೋ ಕಡೆ ಹೊಂದುವುದಿಲ್ಲ. ಅಂದರೆ ಇಲ್ಲಿ ನೀವೂ ಹೊಸಬರೇ. ಯೂನಿಟ್‌ಗಳನ್ನು ಹಂಚಿಕೊಂಡು ನೋಟ್ಸ್ ಮಾಡಿ, ಒಬ್ಬರದನ್ನು ಇನ್ನೊಬ್ಬರು ನೋಡಿ. ಮಾರ್ಗದರ್ಶನ ಅಂತ ಹೆಸರಿಡದೆಯೇ ಅದು ನಡೆದುಹೋಗುತ್ತದೆ. ಇಂಟರ್ನಲ್ಸ್ ಅಂಕ ಹೇಗೆ ಹಾಕುತ್ತೀರಿ ಎಂಬುದನ್ನು ಮಾತ್ರ ಮೊದಲ ವಾರವೇ ತೋರಿಸಿ. ಹೊಸಬರು ಎಡವುವುದು ಅಲ್ಲೇ.

ತರಗತಿ ನೋಡಬೇಕೇ? ಮೊದಲು ಅವರನ್ನು ನಿಮ್ಮ ತರಗತಿಗೆ ಕರೆಯಿರಿ. ನೀವು ಅವರ ಹಿಂದಿನ ಬೆಂಚಲ್ಲಿ ಕೂತರೆ ಅವರಿಗೆ ಮುಂದಿನ ವರ್ಷದ ಕೆಲಸದ ಚಿಂತೆ ಹತ್ತುತ್ತದೆ. ನೀವು ಎಷ್ಟೇ ಸ್ನೇಹದಿಂದ ಇದ್ದರೂ ಸಹಿ ಹಾಕುವವರು ನೀವೇ ತಾನೇ? ಅವರ ತರಗತಿ ನೋಡುವ ಕೆಲಸವನ್ನು ಹಲವು ವರ್ಷ ಅನುಭವವಿರುವ ಅತಿಥಿ ಉಪನ್ಯಾಸಕರೊಬ್ಬರಿಗೆ ವಹಿಸಿ. ಅವರು ಕಂಡದ್ದು ನಿಮ್ಮ ತನಕ ಬರಬಾರದು, ವರದಿಯನ್ನೂ ಕೇಳಬೇಡಿ.

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡಬೇಕಾದ ಫೈಲುಗಳನ್ನು ಸುಮ್ನೆ ಅವರ ತಲೆಗೆ ಕಟ್ಟಬೇಡಿ. ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್‌ಗೋ ನೆಟ್‌ಗೋ ಓದುತ್ತಿದ್ದರೆ ಪರೀಕ್ಷೆಯ ಹಿಂದಿನ ವಾರ ಹೆಚ್ಚುವರಿ ಕೆಲಸ ಹಚ್ಚಬೇಡಿ. ಮುಂದಿನ ಆಯ್ಕೆಯಲ್ಲಿ ಸೇವಾ ಅವಧಿಗೂ ತೂಕ ಇರುತ್ತದೆ. ಹಾಗಾಗಿ ವರ್ಷ ಮುಗಿದಾಗ ಸೇವಾ ಪ್ರಮಾಣಪತ್ರಕ್ಕಾಗಿ ಅವರು ಮೈಸೂರಿನಿಂದ ಮತ್ತೆ ಮತ್ತೆ ಅಲೆಯದಂತೆ ಕೊನೆಯ ಕೆಲಸದ ದಿನವೇ ಕೈಗೆ ಕೊಡಿಸಿ.